ಗುಜರಿ ಭಾಗಗಳಿಂದ ಕೆಸರಿನ ಓಟದ ಗಾಡಿ: ಜಿಪ್ಸಿಯೋ, ಹಳೆಯ ಜೀಪೋ, ಪೈಪ್ ಚಾಸಿಯೋ?

ಮಳೆಗಾಲ ಹತ್ತಿರ ಬಂದಂತೆ ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಗ್ಯಾರೇಜುಗಳಲ್ಲಿ ಒಂದೇ ಬಗೆಯ ಪ್ರಶ್ನೆ ಕೇಳಿಬರುತ್ತದೆ: ಎಲ್ಲಿಯೋ ಅಗ್ಗಕ್ಕೆ ಒಂದು ಎಂಜಿನ್ ಸಿಕ್ಕಿದೆ, ಅದನ್ನು ಯಾವ ಗಾಡಿಗೆ ಕೂರಿಸಿದರೆ ಕೆಸರಿನಲ್ಲಿ ಚೆನ್ನಾಗಿ ಓಡೀತು? ಪ್ರಶ್ನೆ ಕೇಳುವವರ ಉತ್ಸಾಹ ಮೆಚ್ಚತಕ್ಕದ್ದೇ ಆದರೂ ಕೆಲಸದ ಕ್ರಮ ಮಾತ್ರ ಇಲ್ಲಿ ತಲೆಕೆಳಗಾಗಿದೆ. ಗುಜರಿಯ ಭಾಗಗಳಿಂದ ಹಗುರವಾದ ಕೆಸರಿನ ಗಾಡಿ ಕಟ್ಟುವವರು ಮೊದಲು ತಾವು ಓಡಿಸುವ ಮಣ್ಣನ್ನು ನೋಡಬೇಕು, ಆ ಮಣ್ಣಿಗೆ ತಕ್ಕ ಟೈರನ್ನು ಆರಿಸಬೇಕು, ತಾನು ಮುರಿಯದೆ ಆ ಟೈರನ್ನು ತಿರುಗಿಸಬಲ್ಲ ಅಚ್ಚು, ಅಂದರೆ ಆಕ್ಸಲ್, ಯಾವುದೆಂದು ಗೊತ್ತುಮಾಡಿಕೊಳ್ಳಬೇಕು, ಆ ಆಕ್ಸಲ್‌ಗಳನ್ನು ಹೊರುವ ಚಾಸಿಯನ್ನು, ಅಂದರೆ ಗಾಡಿಯ ಅಡಿಗಟ್ಟನ್ನು, ನಿರ್ಧರಿಸಬೇಕು. ಎಂಜಿನ್ನಿನ ಸರದಿ ಇವೆಲ್ಲ ಮುಗಿದ ಮೇಲೆ ಬರುತ್ತದೆ.

ಇದಕ್ಕೆ ಕಾರಣ ತೂಕ. ಡಾಂಬರಿನ ಮೇಲೆ ಹೆಚ್ಚುವರಿ ನೂರು ಕೆ.ಜಿ. ಇದ್ದರೆ ವೇಗ ಏರುವುದು ತುಸು ನಿಧಾನವಾಗುತ್ತದೆ, ಅಷ್ಟೆ. ಕೆಸರಿನಲ್ಲಿ ಅದೇ ನೂರು ಕೆ.ಜಿ. ಚಕ್ರವನ್ನು ಇನ್ನಷ್ಟು ಆಳಕ್ಕೆ ಇಳಿಸುತ್ತದೆ. ಆಳಕ್ಕೆ ಇಳಿದ ಚಕ್ರ ತನ್ನ ಮುಂದೆ ಮಣ್ಣಿನ ದಿಣ್ಣೆಯನ್ನು ತಳ್ಳಿಕೊಂಡು ಹೋಗಬೇಕಾಗುತ್ತದೆ. ಆ ದಿಣ್ಣೆಯನ್ನು ತಳ್ಳಲು ಬೇಕಾಗುವ ಶಕ್ತಿ ನೀವು ದೊಡ್ಡ ಎಂಜಿನ್ನಿನಿಂದ ಗಳಿಸಿದ ಶಕ್ತಿಯನ್ನೆಲ್ಲ ನುಂಗಿಹಾಕುತ್ತದೆ. ಅಮೆರಿಕದ ಮಡ್ ಬಾಗ್ ಸ್ಪರ್ಧೆಗಳಲ್ಲಿ ಎಂಟು ಸಿಲಿಂಡರಿನ ಎಂಜಿನ್ ಹೊತ್ತ ಭಾರೀ ಪಿಕಪ್‌ಗಳು ಕೆಸರನ್ನು ಸೀಳಿಕೊಂಡು ಹೋಗುವ ವಿಡಿಯೋಗಳನ್ನು ನೋಡಿ ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳುವವರಿದ್ದಾರೆ. ಅಲ್ಲಿ ಅಂಥ ಎಂಜಿನ್ನೂ ಅದನ್ನು ತಾಳುವ ಆಕ್ಸಲ್ಲೂ ಗುಜರಿಯಲ್ಲಿ ಸುಲಭವಾಗಿ ಸಿಗುತ್ತವೆ. ನಮ್ಮ ಗುಜರಿಯಲ್ಲಿ ಧಾರಾಳವಾಗಿ ಸಿಗುವುದು ಮಾರುತಿ ಮತ್ತು ಮಹೀಂದ್ರಾ ಭಾಗಗಳು. ಆದ್ದರಿಂದ ನಮ್ಮ ದಾರಿ ಹಗುರತನದ ದಾರಿಯಾಗಿರುವುದೇ ಲೇಸು.

ಮೊದಲು ಮಣ್ಣು, ನಂತರ ಟೈರು

ನಾಟಿಗೆ ಹದಮಾಡಿದ ಗದ್ದೆ, ಮಲೆನಾಡಿನ ಕೆಂಪುಮಣ್ಣಿನ ಇಳಿಜಾರು, ಬಯಲುಸೀಮೆಯ ಎರೆಮಣ್ಣು, ಈ ಮೂರರ ಕೆಸರೂ ಮೂರು ಬಗೆಯದು. ಗದ್ದೆಯಲ್ಲಿ ವರ್ಷ ವರ್ಷ ಉಳುಮೆ ಮಾಡಿದ್ದರಿಂದ ಮೇಲಿನ ಮೆದು ಕೆಸರಿನ ಅಡಿಯಲ್ಲಿ ಒಂದು ಗಟ್ಟಿ ಪದರ ಕಟ್ಟಿಕೊಂಡಿರುತ್ತದೆ. ಅಲ್ಲಿ ಅಗಲ ಟೈರು ಕೆಸರಿನ ಮೇಲೆ ತೇಲಲು ಹವಣಿಸಿ ಹಿಡಿತ ಸಿಗದೆ ಒದ್ದಾಡುತ್ತಿರುವಾಗ, ಹಳೆಯ ಜೀಪುಗಳ 6.00-16 ಅಳತೆಯ ಕಿರಿದಾದ ಟೈರು ಚಾಕುವಿನಂತೆ ಕೆಸರನ್ನು ಸೀಳಿ ಗಟ್ಟಿ ಪದರವನ್ನು ಮುಟ್ಟುತ್ತದೆ. ಎರೆಮಣ್ಣಿನ ಹೊಲದಲ್ಲಿ ಇದೇ ಉಪಾಯ ಮಾಡಿದರೆ ಗಾಡಿ ಹೊಟ್ಟೆಯ ಮೇಲೆ ಕೂರುವುದು ಖಚಿತ, ಏಕೆಂದರೆ ನೆನೆದ ಎರೆಮಣ್ಣಿಗೆ ಚಕ್ರ ನಂಬಿಕೊಳ್ಳಬಹುದಾದ ತಳವಿಲ್ಲ. ಅದು ಟೈರಿನ ಗುಬುಟುಗಳ ನಡುವೆ ಮೆತ್ತಿಕೊಂಡು ಹತ್ತು ಸುತ್ತು ತಿರುಗುವುದರೊಳಗೆ ಟೈರನ್ನು ನುಣುಪಾದ ಉರುಳೆಯಾಗಿಸುತ್ತದೆ. ಅಲ್ಲಿ ಅಗಲವಾದ, ಗುಬುಟುಗಳ ನಡುವೆ ಹೆಚ್ಚು ಜಾಗವಿರುವ, ಕಡಿಮೆ ಗಾಳಿ ತುಂಬಿದ ಟೈರು ಬೇಕು. ಮೆತ್ತಿದ ಮಣ್ಣನ್ನು ಎಸೆಯುವಷ್ಟು ಚಕ್ರದ ವೇಗವೂ ಬೇಕು. ಮಲೆನಾಡಿನ ಕೆಂಪುಮಣ್ಣು ಇವೆರಡರ ನಡುವಿನದು. ಮೇಲೆ ಸಾಬೂನಿನಂತೆ ಜಾರುತ್ತದೆ, ಒಳಗೆ ಕಲ್ಲಿರುತ್ತದೆ. ಆದ್ದರಿಂದ ಗೋಡೆ ಗಟ್ಟಿಯಿರುವ ಮಧ್ಯಮ ಅಗಲದ ಟೈರು ಅಲ್ಲಿಗೆ ಹೊಂದುತ್ತದೆ.

ಗಾಳಿಯ ವಿಷಯದಲ್ಲಿ, ಸಾಮಾನ್ಯ ರಿಮ್ಮಿನಲ್ಲಿ 12ರಿಂದ 15 ಪಿಎಸ್‌ಐಗಿಂತ ಕೆಳಗೆ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ ಬಿಟ್ಟು ಕಳಚಿಕೊಳ್ಳುವ ಅಪಾಯವಿದೆ. ಇನ್ನು ಪವರ್ ಟಿಲ್ಲರಿನ 6.00-12 ಟೈರಿನ ಮಾತು. ಅದರ ಬಾಣದಾಕಾರದ ಎತ್ತರದ ಗುಬುಟುಗಳು ಕೆಸರಿಗೆಂದೇ ಮಾಡಿದಂಥವು, ತೂಕವೂ ಬೆಲೆಯೂ ಕಡಿಮೆ. ಮಾರುತಿ 800ರ ರಿಮ್ಮೂ 12 ಇಂಚಿನದೇ ಆದ್ದರಿಂದ ಪೈಪಿನಿಂದ ಕಟ್ಟುವ ಹಗುರ ಗಾಡಿಯಾದ ಬಗ್ಗಿಯ ಹಿಂಚಕ್ರಕ್ಕೆ ಆಸೆ ಹುಟ್ಟಿಸುತ್ತದೆ. ಆದರೆ ರಿಮ್ಮಿನ ಅಗಲ ಹೊಂದುತ್ತದೆಯೇ ಎಂಬುದನ್ನು ಕೂರಿಸಿ ನೋಡಿಯೇ ನಂಬಬೇಕು. ಅದಕ್ಕಿಂತ ಮುಖ್ಯವಾಗಿ, ನಡಿಗೆಯ ವೇಗಕ್ಕೆಂದು ಮಾಡಿದ ಆ ಟೈರನ್ನು ಎಂಜಿನ್ ಕಿರುಚುವಂತೆ ಗರಗರ ತಿರುಗಿಸುವುದು ಅಪಾಯಕಾರಿ ಎಂಬುದನ್ನು ಮರೆಯಬಾರದು. ನಿಧಾನವಾಗಿ ದಾಟುವ ಸ್ಪರ್ಧೆಗೆ ಅದು ಸರಿ, ವೇಗದ ಓಟಕ್ಕೆ ಬೇಡ. ರೀಟ್ರೆಡ್ ಮಾಡಿಸಿದ ಟೈರನ್ನಂತೂ ಎರಡಕ್ಕೂ ಬಳಸಬಾರದು. ಚಕ್ರ ಜೋರಾಗಿ ಜಾರಿ ತಿರುಗುವಾಗ ಮೇಲಿನ ಪಟ್ಟಿ ಇಡಿಯಾಗಿ ಕಿತ್ತುಬಂದು ಬ್ರೇಕಿನ ಪೈಪನ್ನೂ ಸೆಳೆದುಕೊಂಡು ಹೋಗಬಹುದು.

ಮೂರು ಬುನಾದಿಗಳು

ನಮ್ಮಲ್ಲಿ ಕೈಗೆಟುಕುವ ಬುನಾದಿಗಳು ಮುಖ್ಯವಾಗಿ ಮೂರು: ಮಾರುತಿ ಜಿಪ್ಸಿಯ ಚಾಸಿ, ಮಹೀಂದ್ರಾದ ಹಳೆಯ ಜೀಪಿನ ಚಾಸಿ, ಹಾಗೂ ಮಾರುತಿ 800 ಅಥವಾ ಓಮ್ನಿಯ ಎಂಜಿನ್ ಇಟ್ಟು ಪೈಪಿನಿಂದ ಹೊಸದಾಗಿ ಕಟ್ಟುವ ಬಗ್ಗಿ.

1985ರ ಕೊನೆಯಲ್ಲಿ 970 ಸಿಸಿಯ ಪುಟ್ಟ ಎಂಜಿನ್ನಿನೊಂದಿಗೆ ಬಂದ ಜಿಪ್ಸಿ, 1996ರಲ್ಲಿ ಜಿಪ್ಸಿ ಕಿಂಗ್ ಎಂಬ ಹೆಸರಿನಲ್ಲಿ 1298 ಸಿಸಿಗೆ ಏರಿತು; ಮುಂದೆ ಕಾರ್ಬುರೇಟರಿನ ಬದಲು ಪೆಟ್ರೋಲನ್ನು ಎಲೆಕ್ಟ್ರಾನಿಕ್ ನಿಯಂತ್ರಣದಲ್ಲಿ ಸಿಂಪಡಿಸುವ ಎಂಪಿಎಫ್‌ಐ ಬಂದ ಮೇಲೆ ಹದಿನಾರು ವಾಲ್ವಿನ ಆ ಎಂಜಿನ್ 80 ಅಶ್ವಶಕ್ತಿಯನ್ನು ಕೊಡತೊಡಗಿತು. ಬಟ್ಟೆ ಹೊದಿಕೆಯ ಜಿಪ್ಸಿಯ ತೂಕ ಸುಮಾರು 985 ಕೆ.ಜಿ. ಏಣಿಯಂಥ ಪ್ರತ್ಯೇಕ ಚಾಸಿ, ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್, ಎಂಜಿನ್ನಿನ ಶಕ್ತಿಯನ್ನು ಎರಡೂ ಆಕ್ಸಲ್‌ಗಳಿಗೆ ಹಂಚುವ, ಹೈ ಮತ್ತು ಲೋ ಎರಡೂ ಗೇರ್ ಇರುವ ಟ್ರಾನ್ಸ್‌ಫರ್ ಕೇಸ್ ಇವೆಲ್ಲ ಈ ತೂಕದಲ್ಲೇ ಅಡಗಿವೆ ಎಂಬುದೇ ಇದರ ದೊಡ್ಡ ಗುಣ. ಹಿಂದಿನ ಸೀಟು, ಹಿಂಬಾಗಿಲು, ಸ್ಟೆಪ್ನಿ, ಗಾಜು, ಭಾರದ ಬಂಪರು ಎಲ್ಲವನ್ನೂ ಬಿಚ್ಚಿ, ಬದಲಿಗೆ ಗಾಡಿ ಮಗುಚಿದರೆ ಚಾಲಕನನ್ನು ಕಾಯುವ ಪೈಪಿನ ಪಂಜರ ಕೂರಿಸಿದ ಮೇಲೂ ಗಾಡಿ ಮೂಲ ತೂಕಕ್ಕಿಂತ ಕೆಳಗೇ ಉಳಿಯುವಂತೆ ನೋಡಿಕೊಳ್ಳಬಹುದು.

ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಚಾಸಿಯ ನಡುವೆ ಬೇರೆಯಾಗಿ ಕೂತು, ಒಂದು ಗಿಡ್ಡ ಶಾಫ್ಟಿನ ಮೂಲಕ ಗೇರ್‌ಬಾಕ್ಸಿನಿಂದ ತಿರುವನ್ನು ಪಡೆಯುತ್ತದೆ. ಗುಜರಿಯಿಂದ ಕಟ್ಟುವವರಿಗೆ ಇದು ವರದಾನ. ಬೇರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಇಟ್ಟರೂ ಆ ಗಿಡ್ಡ ಶಾಫ್ಟನ್ನು ಒಳ್ಳೆಯ ಲೇತಿನವರ ಬಳಿ ಅಳತೆಗೆ ಮಾಡಿಸಿ ಬ್ಯಾಲೆನ್ಸ್ ಮಾಡಿಸಿಕೊಂಡರೆ ಫೋರ್ ವೀಲ್ ವ್ಯವಸ್ಥೆಯನ್ನು ಮುಟ್ಟದೆಯೇ ಕೆಲಸ ಮುಗಿಯುತ್ತದೆ.

ಜಿಪ್ಸಿಯ ದೌರ್ಬಲ್ಯ ಇರುವುದು ಮುಂದಿನ ಆಕ್ಸಲ್ಲಿನ ತುದಿಯಲ್ಲಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿಕೊಂಡು, ದೊಡ್ಡ ಟೈರು ಕೆಸರಿನಲ್ಲಿ ಜಾರುತ್ತಿರುವಾಗ ಥಟ್ಟನೆ ಒಂದು ಕಲ್ಲಿನ ಹಿಡಿತ ಸಿಕ್ಕರೆ, ಚಕ್ರ ಓರೆಯಾದಾಗಲೂ ಅದನ್ನು ತಿರುಗಿಸುವ ಅಲ್ಲಿನ ಕೀಲು, ಅಂದರೆ ಸಿವಿ ಜಾಯಿಂಟ್, ಒಡೆಯುತ್ತದೆ. ಮೂಲ ಅಳತೆಗಿಂತ ಬಹಳ ದೊಡ್ಡ ಟೈರು ಹಾಕುವ ಆಸೆಯನ್ನು ಬಿಟ್ಟರೆ ಈ ತೊಂದರೆಯ ಮುಕ್ಕಾಲು ಪಾಲು ತಾನಾಗಿಯೇ ತಪ್ಪುತ್ತದೆ. ಚಕ್ರದ ಹಬ್‌ನ ಹಿಂದಿರುವ ಗುಂಡಿನಾಕಾರದ ಭಾಗದ ಸುತ್ತಲಿನ ಸೀಲು ಹಾಳಾದರೆ ಕೆಸರು ನೀರು ಒಳಗೆ ನುಗ್ಗಿ ಗ್ರೀಸು ಹಾಲಿನಂತಾಗುವುದು ಇನ್ನೊಂದು ಕಾಯಿಲೆ. ಎರಡಕ್ಕೂ ಮದ್ದು ಒಂದೇ: ಪ್ರತಿ ಸ್ಪರ್ಧೆಯ ನಂತರ ಬಿಚ್ಚಿ ನೋಡುವ ತಾಳ್ಮೆ.

ಮಹೀಂದ್ರಾದ ಹಳೆಯ ಜೀಪಿನ ಕಥೆ ಬೇರೆ. ಅಮೆರಿಕದ ವಿಲ್ಲಿಸ್ ಜೀಪಿನ ವಂಶದ ಸಿಜೆ 3ಬಿ ಮಾದರಿಯ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಕೇವಲ 80 ಇಂಚು, ಅಂದರೆ 2032 ಮಿ.ಮೀ.; ಜಿಪ್ಸಿಯದು 2375 ಮಿ.ಮೀ. ತೋಟದ ಕಾಲುದಾರಿಯಂಥ ಇಕ್ಕಟ್ಟಿನ ತಿರುವುಗಳಿರುವ ಹಾದಿಯಲ್ಲಿ ಈ ಗಿಡ್ಡತನ ಲಾಭ. ಕೆಸರಿನ ನೇರ ಓಟದಲ್ಲಿ ಅದೇ ಗಿಡ್ಡತನ ಬಾಲ ಬೀಸುವ ಚಾಳಿಯಾಗಿ ಮಾರ್ಪಡುತ್ತದೆ, ಕಡಿದಾದ ಏರಿನಲ್ಲಿ ಹಿಂದಕ್ಕೆ ಮಗುಚುವ ಭಯವನ್ನೂ ತರುತ್ತದೆ. ಆಕ್ಸಲ್‌ಗಳು ಗಟ್ಟಿ, ಭಾಗಗಳು ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತವೆ, ರಿಪೇರಿ ಬಲ್ಲ ಮೇಸ್ತ್ರಿ ಪ್ರತಿ ತಾಲೂಕಿನಲ್ಲೂ ಇದ್ದಾರೆ. ಆದರೆ ತಗಡೂ ದಪ್ಪ, ಬೀಡಿನ ಡೀಸೆಲ್ ಎಂಜಿನ್ನೂ ಭಾರ. ಮಹೀಂದ್ರಾದ ಎಂಎಂ 540 ಮಾದರಿಯಲ್ಲಿ ಬಂದ ಪ್ಯೂಜೋ ಮೂಲದ 2112 ಸಿಸಿ ಎಂಜಿನ್ನಿನ ಜೀಪು ಜಿಪ್ಸಿಗಿಂತ ಸುಲಭವಾಗಿ ಇನ್ನೂರು ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಆ ಹೆಚ್ಚುವರಿ ಭಾರದ ಬಹುಪಾಲು ಮುಂಚಕ್ರಗಳ ಮೇಲೆಯೇ ಬೀಳುವುದರಿಂದ ಮೆದು ಕೆಸರಿನಲ್ಲಿ ಮೂತಿ ಮೊದಲು ಮುಳುಗುತ್ತದೆ.

ಹಾಗಾದರೆ ಜೀಪನ್ನು ಬಿಟ್ಟೇಬಿಡಬೇಕೇ ಎಂದರೆ ಬೇಡ. ಕಲ್ಲು ಬೆರೆತ ಕೆಂಪುಮಣ್ಣಿನಲ್ಲಿ, ನಿಧಾನವಾಗಿ ಅಡಚಣೆಗಳನ್ನು ದಾಟುವ ಸ್ಪರ್ಧೆಯಲ್ಲಿ, ತಪ್ಪು ಮಾಡಿದರೂ ಮುರಿಯದ ಗಾಡಿ ಹೊಸಬರಿಗೆ ಬೇಕು, ಅಲ್ಲಿ ಜೀಪಿನ ಎದುರು ಜಿಪ್ಸಿ ಪೀಚಲು. ಜೀಪಿನ ಚಾಸಿಯನ್ನೂ ಆಕ್ಸಲ್‌ಗಳನ್ನೂ ಉಳಿಸಿಕೊಂಡು, ಡೀಸೆಲ್ ಎಂಜಿನ್ ತೆಗೆದು ಹಗುರ ಪೆಟ್ರೋಲ್ ಎಂಜಿನ್ ಇಡುವ ನಡುದಾರಿಯೂ ಇದೆ. ಕಾಗದದ ಮೇಲೆ ಚೆನ್ನಾಗಿ ಕಾಣುವ ಈ ದಾರಿಯಲ್ಲಿ ಗೇರ್‌ಬಾಕ್ಸ್ ಜೋಡಿಸುವ ಅಡಾಪ್ಟರ್ ಪ್ಲೇಟಿನ ಕೆಲಸ ನಿಖರವಾಗಿರಬೇಕು. ಕೂದಲೆಳೆಯಷ್ಟು ಕೇಂದ್ರ ತಪ್ಪಿದರೂ ಕ್ಲಚ್ಚೂ ಬೇರಿಂಗೂ ತಿಂಗಳೊಪ್ಪತ್ತಿನಲ್ಲಿ ಕೈಕೊಡುತ್ತವೆ. ಅಂಥ ಟರ್ನರ್ ನಿಮ್ಮ ಊರಿನಲ್ಲಿ ಇಲ್ಲದಿದ್ದರೆ ಆ ದಾರಿ ನಿಮಗಲ್ಲ.

ಒಂದು ಸಣ್ಣ ಅನುಕೂಲವನ್ನು ಇಲ್ಲೇ ಹೇಳಿಬಿಡುತ್ತೇನೆ: ಜಿಪ್ಸಿಯ ಚಕ್ರಕ್ಕೂ ಮಹೀಂದ್ರಾ ಜೀಪಿನ ಚಕ್ರಕ್ಕೂ ಐದೇ ಬೋಲ್ಟು, ಬೋಲ್ಟುಗಳ ವೃತ್ತದ ಅಳತೆಯೂ ಒಂದೇ, 139.7 ಮಿ.ಮೀ. ಗದ್ದೆಗೆ ಜೀಪಿನ ಕಿರಿದಾದ ಚಕ್ರವನ್ನೂ ಎರೆಮಣ್ಣಿಗೆ ಅಗಲ ಚಕ್ರವನ್ನೂ ಒಂದೇ ಗಾಡಿಗೆ ಬದಲಾಯಿಸಿಕೊಳ್ಳಲು ಇದರಿಂದ ಸಾಧ್ಯ. ನಡುವಿನ ರಂಧ್ರ ಕೂರುತ್ತದೆಯೇ, ಟೈರು ಸ್ಪ್ರಿಂಗಿಗೆ ತಾಗುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು.

ಮೂರನೆಯದು ಪೈಪ್ ಚಾಸಿಯ ಬಗ್ಗಿ. ಮಾರುತಿ 800ರ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನೂ ಗೇರ್‌ಬಾಕ್ಸೂ ಅಡ್ಡಡ್ಡಲಾಗಿ ಒಂದೇ ಗಂಟಿನಂತೆ ಇರುವುದರಿಂದ, ಆ ಗಂಟನ್ನು ಇಡಿಯಾಗಿ ಎತ್ತಿ ಚಾಲಕನ ಬೆನ್ನ ಹಿಂದೆ ಕೂರಿಸಿದರೆ ಮುಂಚಕ್ರದ ಗಾಡಿ ಹಿಂಚಕ್ರದ ಗಾಡಿಯಾಗುತ್ತದೆ. ಭಾರವೆಲ್ಲ ತಳ್ಳುವ ಚಕ್ರಗಳ ಮೇಲೆಯೇ ಬೀಳುತ್ತದೆ. ಇಡೀ ಮಾರುತಿ 800 ಕಾರೇ ಸುಮಾರು 650 ಕೆ.ಜಿ. ಇರುವಾಗ, ತಗಡಿಲ್ಲದ ಬಗ್ಗಿ ಅದಕ್ಕಿಂತ ಬಹಳ ಕೆಳಗೆ ನಿಲ್ಲುತ್ತದೆ. ಓಮ್ನಿಯ ಎಂಜಿನ್ ಅಷ್ಟೇ ಅಳತೆಯದಾದರೂ ಉದ್ದುದ್ದ ಕೂತು, ಶಾಫ್ಟಿನ ಮೂಲಕ ಹಿಂದಿನ ಗಟ್ಟಿ ಆಕ್ಸಲ್ಲನ್ನು ತಿರುಗಿಸುತ್ತದೆ. ತುಸು ಭಾರ ಹೆಚ್ಚಾದರೂ ಹಿಂದೆ ಸಿವಿ ಜಾಯಿಂಟುಗಳ ಗೋಜಿಲ್ಲದಿರುವುದು ಕೆಸರಿಗೆ ಒಳ್ಳೆಯದೇ.

ಬಗ್ಗಿಯ ಮಿತಿಯನ್ನು ಬಚ್ಚಿಡುವುದು ಸರಿಯಲ್ಲ. ಎರಡೇ ಚಕ್ರಗಳು ತಳ್ಳುತ್ತವೆ, ಲೋ ಗೇರ್ ಇಲ್ಲ, 800ರ ಗಂಟನ್ನು ಬಳಸಿದರೆ ಸಿವಿ ಶಾಫ್ಟಿನ ಬಾಗುವಿಕೆಗೆ ಮಿತಿ ಇರುವುದರಿಂದ ಗಾಡಿಯನ್ನು ಬಹಳ ಎತ್ತರಿಸಲೂ ಆಗದು. ಗೇಣುದ್ದ ಕೆಸರಿನ ಸಮತಟ್ಟಾದ ಓಟದ ಹಾದಿಯಲ್ಲಿ ಅದು ಫೋರ್ ವೀಲ್ ಗಾಡಿಗಳನ್ನು ಹಿಂದೆ ಹಾಕಬಲ್ಲದು. ಮೊಣಕಾಲುದ್ದ ಹೊಂಡದಲ್ಲಿ ಅದನ್ನು ಎಳೆಯಲು ಹಗ್ಗ ಸಿದ್ಧವಾಗಿಟ್ಟುಕೊಳ್ಳಬೇಕು. ಇದಲ್ಲದೆ ಜಿಪ್ಸಿ, ಜೀಪುಗಳಲ್ಲಿ ಸ್ಪ್ರಿಂಗ್ ಎಲ್ಲಿ ಕೂರಬೇಕು, ಸ್ಟಿಯರಿಂಗ್ ಕೋನ ಎಷ್ಟಿರಬೇಕು ಎಂಬುದನ್ನೆಲ್ಲ ಕಂಪನಿಯ ಎಂಜಿನಿಯರುಗಳು ನಿರ್ಧರಿಸಿ ಮುಗಿಸಿದ್ದಾರೆ. ಪೈಪ್ ಚಾಸಿಯಲ್ಲಿ ಆ ತಪ್ಪುಗಳನ್ನೆಲ್ಲ ನೀವೇ ಮೊದಲಿನಿಂದ ಮಾಡಬೇಕು. ವೆಲ್ಡಿಂಗ್ ಬಲ್ಲವರಿಗೂ, ಬಾಜಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ಕಾಲೇಜಿನಲ್ಲಿ ಗಾಡಿ ಕಟ್ಟಿದ ಅನುಭವ ಇರುವವರಿಗೂ ಇದು ಹಿಡಿಸುತ್ತದೆ. ಉಳಿದವರು ಮೊದಲ ಗಾಡಿಯಾಗಿ ಇದನ್ನು ಆರಿಸಬಾರದು ಎಂಬುದು ನನ್ನ ಅಭಿಪ್ರಾಯ.

ಎಂಜಿನ್: ಎಷ್ಟು ಸಾಕು?

ಕೆಸರಿಗೆ ಡೀಸೆಲ್ಲಿನ ಎಳೆತ ಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡೋಣ. 30 ಇಂಚು ಎತ್ತರದ ಟೈರು ಒಂದು ಸುತ್ತಿಗೆ ಸುಮಾರು 2.4 ಮೀಟರ್ ಉರುಳುತ್ತದೆ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಆಕ್ಸಲ್ಲಿನೊಳಗಿನ ಗೇರುಗಳಾದ ಕ್ರೌನ್ ಪಿನಿಯನ್ ಮೂರೂ ಸೇರಿ ಎಂಜಿನ್ 20 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುವ ಹಾಗಿದೆ ಎಂದಿಟ್ಟುಕೊಂಡರೆ, ನಿಮಿಷಕ್ಕೆ 5000 ಸುತ್ತು ತಿರುಗುವ ಪೆಟ್ರೋಲ್ ಎಂಜಿನ್ ಚಕ್ರವನ್ನು ಗಂಟೆಗೆ 36 ಕಿ.ಮೀ. ವೇಗದಲ್ಲಿ ತಿರುಗಿಸುತ್ತದೆ. ಅದೇ ಗೇರಿನಲ್ಲಿ 3500 ಸುತ್ತಿಗೆ ಸುಸ್ತಾಗುವ ಹಳೆಯ ಡೀಸೆಲ್ 25 ಕಿ.ಮೀ. ದಾಟುವುದಿಲ್ಲ. ಅದೂ 36 ಮುಟ್ಟಬೇಕಾದರೆ 20ರ ಬದಲು 14ರ ಗೇರಿಗೆ ಏರಬೇಕು, ಏರಿದೊಡನೆ ಅದರ ಹೆಚ್ಚಿನ ಎಳೆತದ ಲಾಭ ಕರಗಿಹೋಗುತ್ತದೆ. ಮೆತ್ತುವ ಮಣ್ಣನ್ನು ಟೈರಿನಿಂದ ಎಸೆಯಲು ಚಕ್ರದ ವೇಗವೇ ಬೇಕಾಗುವುದರಿಂದ, ಎರೆಮಣ್ಣಿನಲ್ಲೂ ಓಟದ ಸ್ಪರ್ಧೆಯಲ್ಲೂ ಎತ್ತರಕ್ಕೆ ತಿರುಗುವ ಹಗುರ ಪೆಟ್ರೋಲ್ ಎಂಜಿನ್ ಗೆಲ್ಲುತ್ತದೆ. ಗದ್ದೆಯ ಗಟ್ಟಿ ತಳವನ್ನು ಹಿಡಿದು ನಿಧಾನವಾಗಿ ಸಾಗುವಲ್ಲಿ ಡೀಸೆಲ್ ನೆಮ್ಮದಿಯಾಗಿ ಕೆಲಸ ಮಾಡುತ್ತದೆ.

ಜಿಪ್ಸಿಯ ಮೂಲ ಎಂಜಿನ್ ಕೆಟ್ಟಿದ್ದರೆ ಮಾರುತಿ ಎಸ್ಟೀಮ್ ಕಾರಿನ 1298 ಸಿಸಿ ಎಂಜಿನ್ ಅತ್ಯಂತ ಹತ್ತಿರದ ಬದಲಿ. ಅದೇ ಕುಟುಂಬದ್ದು, ಬ್ಲಾಕು ಅಲ್ಯೂಮಿನಿಯಮ್ಮಿನದಾದ್ದರಿಂದ ಹಗುರ. ಕಾರಿನಲ್ಲಿ ಅಡ್ಡಲಾಗಿ ಕೂತಿದ್ದ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿ ಇಡುವಾಗ ಜಿಪ್ಸಿಯ ಆಯಿಲ್ ಸಂಪು, ಎಂಜಿನ್ ಮೌಂಟು ಮುಂತಾದವನ್ನು ಉಳಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಕೆಟ್ಟ ಎಂಜಿನ್ನನ್ನು ಗುಜರಿಗೆ ತೂಕಕ್ಕೆ ಹಾಕುವ ಆತುರ ಬೇಡ. ಹಳೆಯ ಬಲೆನೋ ಸೆಡಾನಿನ 1590 ಸಿಸಿ ಎಂಜಿನ್ನೂ ಇದೇ ವಂಶದ್ದೇ, ಶಕ್ತಿಯೂ ಹೆಚ್ಚು. ನಾನು ಮೊದಲು ಇದಕ್ಕೇ ಮರುಳಾದವನು. ಎಂಜಿನ್ ಸೊಗಸಾಗಿ ಓಡಿತು. ಮುಂದಿನ ಆಕ್ಸಲ್ಲಿನ ಜಾಯಿಂಟುಗಳು ಒಂದಾದ ಮೇಲೊಂದರಂತೆ ಒಡೆದವು. ಮೂಗಿಗಿಂತ ಮೂಗುತಿ ಭಾರವಾದರೆ ಆಗುವುದು ಅದೇ. ಆಮೇಲೆ ಟೈರಿನ ಅಳತೆ ಇಳಿಸಿದೆ, ಗಾಡಿಯಿಂದ ಎಪ್ಪತ್ತು ಕೆ.ಜಿ.ಯಷ್ಟು ತಗಡು ಬಿಚ್ಚಿದೆ. ಹಾದಿಯಲ್ಲಿ ನನ್ನ ಸಮಯ ಸುಧಾರಿಸಿದ್ದು ಆಗಲೇ.

ಕಾರ್ಬುರೇಟರೋ ಎಂಪಿಎಫ್‌ಐಯೋ ಎಂಬುದಕ್ಕೆ ನನ್ನ ಉತ್ತರ ಎಂಪಿಎಫ್‌ಐ, ಆದರೆ ವೈರಿಂಗ್, ಸೆನ್ಸರ್ ಮತ್ತು ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ಇಸಿಎಂ ಒಂದೇ ಕಾರಿನಿಂದ ಇಡಿಯಾಗಿ ಸಿಗುವುದಾದರೆ ಮಾತ್ರ. ಕಡಿದಾದ ಇಳಿಜಾರಿನಲ್ಲಿ ಕಾರ್ಬುರೇಟರಿನ ಬಟ್ಟಲಿನ ಪೆಟ್ರೋಲ್ ಒಂದು ಕಡೆ ವಾಲಿ ಎಂಜಿನ್ ಕೆಮ್ಮುತ್ತದೆ. ಎಂಪಿಎಫ್‌ಐಗೆ ಆ ತೊಂದರೆ ಇಲ್ಲ. ವೈರುಗಳನ್ನು ಕತ್ತರಿಸಿ ತಂದಿದ್ದರೆ, ಅಥವಾ ಇಸಿಎಂ ಒಂದು ಕಾರಿನದು ಸೆನ್ಸರ್ ಇನ್ನೊಂದರದ್ದಾಗಿದ್ದರೆ, ಕಾರ್ಬುರೇಟರೇ ವಾಸಿ. ಕೆಟ್ಟರೆ ಕೆಸರಿನ ನಡುವೆ ನಿಂತು ಸ್ಕ್ರೂ ಡ್ರೈವರಿನಿಂದಲಾದರೂ ಸರಿಮಾಡಬಹುದು. ಯಾವುದೇ ಆದರೂ ಗಾಳಿ ಎಳೆಯುವ ಬಾಯಿ ಚಾಲಕನ ತಲೆಯ ಎತ್ತರದಲ್ಲಿರಲಿ. ಎರಡೂ ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸುಗಳ ಉಸಿರಾಟದ ಕೊಳವೆಗಳನ್ನೂ ರಬ್ಬರ್ ಪೈಪಿನಿಂದ ಮೇಲಕ್ಕೆ ಒಯ್ಯಿರಿ. ಬಿಸಿಯಾದ ಹೌಸಿಂಗ್ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ.

ರೇಡಿಯೇಟರಿನ ವಿಷಯದಲ್ಲಿ ಮಾತ್ರ ತೂಕದ ಜಿಪುಣತನ ಬೇಡ. ಮುಂದಿನ ಜಾಗದಲ್ಲಿದ್ದರೆ ಎರಡೇ ಹೊಂಡಗಳಲ್ಲಿ ಮಣ್ಣು ಮೆತ್ತಿಕೊಂಡು ಗಾಳಿ ನಿಲ್ಲುತ್ತದೆ. ಅಲ್ಯೂಮಿನಿಯಮ್ ಹೆಡ್ಡು ಒಮ್ಮೆ ಕಾದು ಬಾಗಿದರೆ ಗುಜರಿಯಲ್ಲಿ ಉಳಿಸಿದ ದುಡ್ಡೆಲ್ಲ ಅಲ್ಲಿಗೇ ಹೋಗುತ್ತದೆ. ರೇಡಿಯೇಟರನ್ನು ಸೀಟಿನ ಹಿಂದೆ ಎತ್ತರದಲ್ಲಿಟ್ಟು ಎಲೆಕ್ಟ್ರಿಕ್ ಫ್ಯಾನ್ ಜೋಡಿಸುವುದರಿಂದ ಉದ್ದನೆಯ ಪೈಪು, ಹೆಚ್ಚುವರಿ ನೀರು ಸೇರಿ ಹತ್ತು ಹದಿನೈದು ಕೆ.ಜಿ. ಹೆಚ್ಚಬಹುದು, ಹೆಚ್ಚಲಿ. ಬಿಸಿನೀರಿನ ಪೈಪು ಮತ್ತು ಚಾಲಕನ ನಡುವೆ ಒಂದು ತಗಡಿನ ಮರೆ ಇರಲೇಬೇಕು.

ಡಿಫರೆನ್ಷಿಯಲ್ ಮತ್ತು ಪಂಜರ

ಎರಡು ಬದಿಯ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಇರುವುದರಿಂದ, ಫೋರ್ ವೀಲ್ ಗಾಡಿಯಲ್ಲೂ ಪ್ರತಿ ಆಕ್ಸಲ್ಲಿನ ಹಿಡಿತ ತಪ್ಪಿದ ಚಕ್ರವೇ ಗರಗರ ತಿರುಗುತ್ತದೆ. ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಕಟ್ಟಿಹಾಕುವ ಮಾರುಕಟ್ಟೆಯ ಲಾಕರ್ ದುಬಾರಿ. ಹಿಂದಿನ ಡಿಫರೆನ್ಷಿಯಲ್ಲಿನ ಒಳಗಿನ ಸಣ್ಣ ಗೇರುಗಳನ್ನೇ ವೆಲ್ಡ್ ಮಾಡಿ ಎರಡೂ ಚಕ್ರಗಳನ್ನು ಒಂದಾಗಿಸುವುದು ಬಡವರ ಲಾಕರ್. ಕೆಸರಿಗೆಂದೇ ಮೀಸಲಾದ ಗಾಡಿಗೆ ಇದು ಸಾಕು. ವೆಲ್ಡಿಂಗಿಗೆ ಮುನ್ನ ಎಣ್ಣೆಯ ಪಸೆ ಪೂರ್ತಿ ತೊಳೆಯಬೇಕು, ವೆಲ್ಡಿಂಗ್ ಆದ ಮೇಲೆ ಬೇರಿಂಗಿಗೆ ಒಂದು ಲೋಹದ ಚೂರೂ ಸೇರದಂತೆ ಸ್ವಚ್ಛಮಾಡಬೇಕು. ಮುಂದಿನ ಡಿಫರೆನ್ಷಿಯಲ್ಲಿಗೆ ಈ ಪ್ರಯೋಗ ಬೇಡ; ಸ್ಟಿಯರಿಂಗ್ ಕಲ್ಲಿನಂತಾಗುತ್ತದೆ, ಮೊದಲೇ ದುರ್ಬಲವಾದ ಜಾಯಿಂಟುಗಳಿಗೆ ಅದು ಮರಣಶಾಸನ.

ಪಂಜರಕ್ಕೆ ಎಂಥ ಪೈಪು ಎಂಬ ಪ್ರಶ್ನೆಯಲ್ಲಿ ನಾನು ಯಾವ ರಾಜಿಗೂ ಒಪ್ಪುವವನಲ್ಲ. ನೀರಿನ ಜಿಐ ಪೈಪು ಗುಜರಿಯಲ್ಲಿ ರಾಶಿಬಿದ್ದಿರುತ್ತದೆ, ಅಗ್ಗವೂ ಹೌದು. ಅದನ್ನು ಒತ್ತಡದ ನೀರು ಸಾಗಿಸಲು ಮಾಡಿದ್ದಾರೆಯೇ ಹೊರತು ಮಗುಚಿದ ಗಾಡಿಯ ಭಾರ ತಡೆಯಲು ಮಾಡಿಲ್ಲ. ಅದರ ಸತುವಿನ ಲೇಪ ವೆಲ್ಡಿಂಗಿನಲ್ಲಿ ಉರಿದು ಬರುವ ಹೊಗೆ ಎದೆಗೂ ಕೆಡುಕು. ಸೀಮ್, ಅಂದರೆ ಉದ್ದಕ್ಕೂ ಬೆಸುಗೆಯ ಗೆರೆ, ಇರುವ ಇಆರ್‌ಡಬ್ಲ್ಯೂ ಪೈಪನ್ನು ಬಾಡಿಗೂ ಬಂಪರಿಗೂ ಬಳಸಬಹುದು. ಚಾಲಕನ ಸುತ್ತಲಿನ ಮುಖ್ಯ ಕಮಾನಿಗೆ ಸೀಮ್ ಇಲ್ಲದ, ತಣ್ಣಗಿರುವಾಗಲೇ ಎಳೆದು ಮಾಡಿದ ಕೋಲ್ಡ್ ಡ್ರಾನ್ ಪೈಪೇ ಬೇಕು. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ತನ್ನ ನಿಯಮಗಳಲ್ಲಿ ಮುಖ್ಯ ಕಮಾನಿಗೆ ಹೇಳಿರುವ ಕನಿಷ್ಠ ಅಳತೆ 45 ಮಿ.ಮೀ. ವ್ಯಾಸಕ್ಕೆ 2.5 ಮಿ.ಮೀ. ದಪ್ಪ, ಇಲ್ಲವೇ 50 ಮಿ.ಮೀ. ವ್ಯಾಸಕ್ಕೆ 2 ಮಿ.ಮೀ. ದಪ್ಪ. 45ರ ಪೈಪು ಮೀಟರಿಗೆ ಸುಮಾರು 2.6 ಕೆ.ಜಿ. ತೂಗುತ್ತದೆ, ಮೂವತ್ತು ಮೀಟರ್ ಬಳಸಿದರೂ ಎಂಬತ್ತು ಕೆ.ಜಿ.ಯೊಳಗೇ ಮುಗಿಯುತ್ತದೆ. ಹಗುರತನದ ಹೆಸರಿನಲ್ಲಿ ಇದನ್ನು ತೆಳುಮಾಡುವ ಬದಲು ಗಾಡಿಯಲ್ಲಿ ಬೇರೆಲ್ಲಿಯಾದರೂ ಇಪ್ಪತ್ತು ಕೆ.ಜಿ. ಹುಡುಕಿಕೊಳ್ಳಿ.

ಯಾವುದು ಗುಜರಿಯದು, ಯಾವುದು ಹೊಸದು

ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಾಗಲಿ, ನಿಮ್ಮ ಜಿಲ್ಲಾ ಕೇಂದ್ರದ ಗುಜರಿಯಲ್ಲಾಗಲಿ ಧೈರ್ಯವಾಗಿ ಕೊಳ್ಳಬಹುದಾದವು ಆಕ್ಸಲ್ ಹೌಸಿಂಗ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಸ್ಟಿಯರಿಂಗ್ ಬಾಕ್ಸ್, ಪೆಡಲುಗಳು ಮತ್ತು ರಿಮ್ಮುಗಳು. ಗೇರ್‌ಬಾಕ್ಸಿನ ಡ್ರೈನ್ ಬೋಲ್ಟ್ ಬಿಚ್ಚಿಸಿ ಎಣ್ಣೆ ನೋಡಿ: ಬೂದುಬಣ್ಣದ ನುಣ್ಣನೆಯ ಪಸೆ ಸಹಜವಾದ ಸವೆತ, ಉಗುರಿಗೆ ತಾಗುವ ಲೋಹದ ಚೂರು ಇದ್ದರೆ ಹಲ್ಲು ಮುರಿದಿದೆ, ಹಾಲಿನ ಬಣ್ಣವಿದ್ದರೆ ನೀರು ಹೊಕ್ಕಿದೆ, ಬೇರಿಂಗುಗಳ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ. ಎಂಜಿನ್ನಿಗೆ ಕಂಪ್ರೆಷನ್ ಗೇಜ್ ಒಯ್ಯದೆ ಹೋಗಬೇಡಿ. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಚದರ ಸೆಂಟಿಮೀಟರಿಗೆ 1 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಅಂಗಡಿಯವರು ಎಷ್ಟೇ ಆಣೆ ಮಾಡಿದರೂ, ಅದನ್ನು ರಿಪೇರಿಗೆ ಬಂದ ಎಂಜಿನ್ ಎಂದೇ ಎಣಿಸಿ ಬೆಲೆ ಕೇಳಬೇಕು.

ಬ್ರೇಕಿನ ರಬ್ಬರ್ ಹೋಸುಗಳು, ವೀಲ್ ಸಿಲಿಂಡರುಗಳು, ಟೈ ರಾಡ್ ತುದಿಗಳು, ಜಾಯಿಂಟ್ ಕ್ರಾಸುಗಳು, ಪೆಟ್ರೋಲ್ ಪೈಪು ಮತ್ತು ಸೀಟ್ ಬೆಲ್ಟು ಇವುಗಳನ್ನು ಹೊಸದೇ ಕೊಳ್ಳಬೇಕು. ಬಿಸಿಲಿಗೆ ಒಣಗಿದ ಹಳೆಯ ಬೆಲ್ಟು ಕಣ್ಣಿಗೆ ಗಟ್ಟಿಯಾಗಿ ಕಾಣುತ್ತದೆ, ಬೇಕಾದಾಗ ಹರಿಯುತ್ತದೆ.

ಎಂಜಿನ್ ಅಥವಾ ಚಾಸಿ ಕೊಳ್ಳುವಾಗ ಅದರ ನಂಬರು ಆರ್‌ಸಿ ಪ್ರತಿಗೆ ಹೊಂದುತ್ತದೆಯೇ ಎಂದು ನೋಡಿ ರಸೀದಿ ಪಡೆದುಕೊಳ್ಳಿ. ಕಳವಿನ ಗಾಡಿಯ ಭಾಗಗಳೂ ಗುಜರಿಗೆ ಬರುತ್ತವೆ. ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ. 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳನ್ನು ಮನಬಂದಂತೆ ಬದಲಿಸುವಂತಿಲ್ಲ. ಆದ್ದರಿಂದ ನೀವು ಕಟ್ಟುವ ಗಾಡಿ ಖಾಸಗಿ ಜಮೀನಿನಲ್ಲಿ, ಸ್ಪರ್ಧೆಯ ಆವರಣದಲ್ಲಿ ಮಾತ್ರ ಓಡತಕ್ಕದ್ದು. ಮನೆಯಿಂದ ಅಲ್ಲಿಯವರೆಗೆ ಅದು ಇನ್ನೊಂದು ಗಾಡಿಯ ಬೆನ್ನ ಮೇಲೆಯೇ ಹೋಗಬೇಕು. ಬಗ್ಗಿಯಾದರೆ ಬಾಡಿಗೆಯ ಪಿಕಪ್ಪಿನ ತೊಟ್ಟಿಯಲ್ಲಿ ಕೂತೀತು; ಜಿಪ್ಸಿಗೂ ಜೀಪಿಗೂ ಅದಕ್ಕಿಂತ ದೊಡ್ಡ ಲಾರಿಯೋ ಎಳೆದೊಯ್ಯುವ ಟ್ರೇಲರೋ ಬೇಕು, ಪ್ರತಿ ಸ್ಪರ್ಧೆಗೂ ಆ ಬಾಡಿಗೆ ತೆರಬೇಕು. ಮೊದಲ ಪೈಪನ್ನು ಕತ್ತರಿಸುವ ಮುನ್ನ ನಿಮ್ಮ ಊರಿನಲ್ಲಿ ಬಾಡಿಗೆಗೆ ಸಿಗುವ ಪಿಕಪ್ಪಿನ ತೊಟ್ಟಿಯ ಉದ್ದಗಲವನ್ನು ಟೇಪು ಹಿಡಿದು ಅಳೆದು, ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಳ್ಳಿ.